ಆರು ಸಂತೆಗಳ ನಂತರ

ಕಳೆದ ತಿಂಗಳು ಸಿಯಾಟಲ್ ಹತ್ತಿರದ ಟೋಟೆಮ್ ಲೇಕ್‌ನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗಕ್ಕೆ ಹೊಸದಾಗಿ ಡಾಂಬರು ಹಾಕಿದರು. ಕಾರುಗಳನ್ನು ಹಿಂದಿನ ದಿನವೇ ತೆಗೆಯಬೇಕೆಂದು ಬಾಗಿಲುಗಳಿಗೆ ಚೀಟಿ ಅಂಟಿಸಿದ್ದರು. ದಿನಸಿ ಚೀಲ ಹಿಡಿದು ಆಚೆ ರಸ್ತೆಯಿಂದ ನಡೆದು ಬರುವಾಗ ಆ ವಾಸನೆ ಎದುರಾಯಿತು. ಬಿಸಿಯಾದ, ಗಂಟಲಿನ ಹಿಂಬದಿಗೆ ಅಂಟಿಕೊಳ್ಳುವ ವಾಸನೆ. ಕೆಮಿಸ್ಟ್ರಿ ಓದಿದವಳು ನಾನು. ಅದರಲ್ಲಿ ಏನೇನಿದೆ ಎಂದು ಹೇಳಬಲ್ಲೆ. ಆದರೆ ಆಗ ನೆನಪಾದದ್ದು ಟಕ್ವಿಲಾದಲ್ಲಿ ಟೈರ್ ಅಂಗಡಿಯ ಮೇಲಿದ್ದ ಒಂದು ಕೋಣೆ. ಅದರ ಬಾಗಿಲಲ್ಲೇ ನಿಂತು, ತಲೆಗೆ ಸುತ್ತಿದ ಬಟ್ಟೆಯ ತುದಿಯನ್ನು ಮೂಗಿಗೆ ಒತ್ತಿಕೊಂಡಿದ್ದ ಒಬ್ಬ ಹೆಂಗಸು.

"ಇಲ್ಲೂ ಇದೆಯಾ ಇದು?" ಎಂದು ಅವರು ಕೇಳಿದ್ದರು.

ಅದು ಎರಡು ಸಾವಿರದ ಹದಿಮೂರರ ಅಕ್ಟೋಬರ್. ಮದುವೆಯಾಗಿ ಇಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನನಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ಇರಲಿಲ್ಲ; ಗಂಡನ ವೀಸಾದ ಮೇಲೆ ಬಂದವರಿಗೆ ಆಗ ಅದು ಸಿಗುತ್ತಿರಲಿಲ್ಲ. ಸಂಬಳವಿಲ್ಲದ ಸೇವೆಗೆ ಅಡ್ಡಿಯಿರಲಿಲ್ಲ. ಹಾಗಾಗಿ ವಾರಕ್ಕೆ ಎರಡು ದಿನ ಬಸ್ಸು ಹಿಡಿದು, ದೇಶ ಬಿಟ್ಟು ಬಂದವರಿಗೆ ಕಾನೂನಿನ ನೆರವು ಕೊಡುವ ಒಂದು ಸಣ್ಣ ಕಚೇರಿಗೆ, ಟೈರ್ ಅಂಗಡಿಯ ಮೇಲಿನ ಆ ಕೋಣೆಗೆ, ಹೋಗಿ ಅವರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದೆ.

"ಪಗಾರ ಇಲ್ಲದ ನೌಕರಿಗೆ ಇಷ್ಟ ಲಗೂನ ಹೊಂಟೀಯಲ್ಲ," ಎಂದು ನನ್ನ ಗಂಡ ಶ್ರೀಧರ ಚಾಷ್ಟಿ ಮಾಡುತ್ತಿದ್ದ. "ನಮ್ಮ ಬೆಲ್ವ್ಯೂ ಆಫೀಸಿನ್ಯಾಗ ಪಗಾರ ಕೊಟ್ರೂ ಹತ್ತರ ಒಳಗ ಯಾರೂ ಬರಂಗಿಲ್ಲ."

ಕಚೇರಿಯ ವಕೀಲೆ ಕ್ಯಾರನ್ ಅರವತ್ತು ದಾಟಿದವರು. ಮೊದಲ ದಿನವೇ ನನಗೆ ನಿಯಮ ಹೇಳಿದ್ದರು: ಒಂದು ಪ್ಯಾರಾಕ್ಕೆ ಒಂದೇ ಸಂಗತಿ, ಪ್ರತಿ ಪ್ಯಾರಾಕ್ಕೂ ಸಂಖ್ಯೆ, ಸಾಧ್ಯವಾದಲ್ಲೆಲ್ಲ ತಾರೀಖು, ವಿಶೇಷಣ ಬೇಡ. ಪ್ರಯೋಗಶಾಲೆಯ ವರದಿಯಂತೆ ಬರೆಯುವುದು. ಅದು ನನಗೆ ಹಿಡಿಸಿತು. ಯಾರದೇ ಮನೆಯ ದುಃಖ ಕೇಳುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಒದ್ದಾಡುವವಳು ನಾನು. ಇಲ್ಲಿ ಕಾಗದ ನೋಡಿದರೆ ಸಾಕಾಗಿತ್ತು.

ಮೂಗು ಮುಚ್ಚಿಕೊಂಡು ಬಂದ ಆ ಹೆಂಗಸನ್ನು ಇಲ್ಲಿ ಕಂಫರ್ಟ್ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಅವರ ದೇಶದ ಹೆಸರನ್ನೂ ಬರೆಯುವುದಿಲ್ಲ, ಅವರ ಅಣ್ಣ ಇಂದಿಗೂ ಆ ಕಡೆಯೇ ಇದ್ದಾರೆ. ಆಫ್ರಿಕಾದ ಪಶ್ಚಿಮ ಕರಾವಳಿ, ನದಿಯೊಂದು ನೂರಾರು ಕಾಲುವೆಗಳಾಗಿ ಒಡೆದು ಸಮುದ್ರ ಸೇರುವ ಜಾಗ. ತಮ್ಮದೇ ಭಾಷೆಯ ಒಂದು ಸಣ್ಣ ಜನ. ಅವರ ನೆಲದ ಕೆಳಗೆ ಎಣ್ಣೆ ಸಿಕ್ಕಿದ್ದು ಕಂಫರ್ಟ್ ಹುಟ್ಟುವ ಮೊದಲು. ಅವರು ಬುದ್ಧಿ ಬಂದಾಗಿನಿಂದ ಕಂಡದ್ದು ಊರಿನ ನಡುವೆ ಹಾದ ಕೊಳವೆ, ರಾತ್ರಿಯೂ ಆರದ ಅನಿಲದ ಬೆಂಕಿ, ವರ್ಷ ವರ್ಷವೂ ಕಡಿಮೆಯಾಗುತ್ತ ಹೋದ ಮೀನು. ಅವರ ಗಂಡ ಶಾಲೆಯ ಮೇಷ್ಟ್ರು. ಇವರು ಹೊಗೆಯಲ್ಲಿ ಒಣಗಿಸಿದ ಮೀನು ಮಾರುತ್ತಿದ್ದರು.

ನಾನು ಅವರನ್ನು ಆಂಟಿ ಎಂದೆ. ಅವರು ಮಗಳೇ ಎಂದರು. ಎರಡೂ ಕಡೆ ಇದು ತೀರಾ ಸಾಮಾನ್ಯವಾದ್ದರಿಂದ ನಮಗೇನೂ ಅನ್ನಿಸಲಿಲ್ಲ. ಕ್ಯಾರನ್ ಮಾತ್ರ ಎರಡನೆಯ ವಾರ ನನ್ನನ್ನು ಪಕ್ಕಕ್ಕೆ ಕರೆದು, "ನೀವಿಬ್ಬರೂ ಸಂಬಂಧಿಕರಾ? ಹಾಗಿದ್ರೆ ಮೊದಲೇ ಹೇಳಬೇಕಿತ್ತು," ಎಂದು ಗಂಭೀರವಾಗಿ ವಿಚಾರಿಸಿದರು. ಕಂಫರ್ಟ್ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕರು. "ನೋಡಿ ಲಾಯರಮ್ಮ, ಮೂಗು ಒಂದೇ ತರ ಇಲ್ವಾ?"

ನವೆಂಬರ್ ಪೂರ್ತಿ ಅವರು ತಮ್ಮ ಕಡೆಯ ಇಂಗ್ಲಿಷಿನಲ್ಲಿ ಹೇಳಿದರು, ನಾನು ಬರೆದೆ. ಹೊರಗೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತಿತ್ತು. ಗೋದಾಮುಗಳಿಗೆ ಬರುವ ದೊಡ್ಡ ಲಾರಿಗಳು ಮಳೆಯಲ್ಲಿ ಹಿಂದಕ್ಕೆ ಸರಿಯುವ ಕೂಗು, ಹತ್ತಿರದ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದು. ಪ್ರತಿ ವಿಮಾನಕ್ಕೂ ಕಂಫರ್ಟ್ ಮಾತು ನಿಲ್ಲಿಸಿ, ಅದು ಪೂರ್ತಿ ಇಳಿಯುವ ತನಕ ಕಾಯುತ್ತಿದ್ದರು. ಎಡಗಿವಿ ಅವರಿಗೆ ಕೇಳಿಸುತ್ತಿರಲಿಲ್ಲ. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.

ಕೊಳವೆ ಒಡೆದದ್ದು ಮಳೆಗಾಲದ ಕೊನೆಗೆ. ಐದು ತಿಂಗಳು ಯಾರೂ ಮುಚ್ಚಲಿಲ್ಲ. ಕಾಲುವೆಯ ನೀರು ಕಪ್ಪಾಗಿ, ದಪ್ಪವಾಗಿ, ದೋಣಿಯ ಹುಟ್ಟು ಎತ್ತಿದರೆ ಜೇನಿನಂತೆ ಇಳಿಯುತ್ತಿತ್ತು. ಒಂದು ಬೆಳಿಗ್ಗೆ ದಂಡೆಯಲ್ಲಿ ಯಾರೋ ಒಲೆ ಹಚ್ಚಿದಾಗ ಕಾಲುವೆಗೇ ಬೆಂಕಿ ಹತ್ತಿತು. ದೋಣಿಯಲ್ಲಿದ್ದವರು ನೀರಿಗೆ ಹಾರಿದರು, ಉರಿಯುತ್ತಿದ್ದುದು ನೀರೇ. ಕಂಫರ್ಟ್‌ರ ತಂಗಿ ದಡಕ್ಕೆ ಬಂದಳು, ಆದರೆ ಎಳೆದುಕೊಳ್ಳಲು ಹೋದವರ ಕೈಗೆ ಅವಳ ತೋಳಿನ ಚರ್ಮ ಬಂತು. ಎರಡು ದಿನ ಬದುಕಿದ್ದಳು.

ಆಮೇಲೆ ಊರ ಹೆಂಗಸರು ಎಣ್ಣೆ ಕಂಪನಿಯ ಗೇಟಿಗೆ ಹೋಗುವ ರಸ್ತೆಯಲ್ಲಿ ಕೂರುವುದೆಂದು ತೀರ್ಮಾನಿಸಿದರು. ಎರಡೂ ಕೈಯಲ್ಲಿ ಒಂದು ಹಸಿರು ಕೊಂಬೆ ಹಿಡಿಯಬೇಕು. ಏನಾದರೂ ಬಿಡಬಾರದು. ಕೊಂಬೆ ಹಿಡಿದ ಕೈ ಕಲ್ಲೆತ್ತಿತೆಂದು ಯಾರೂ ಹೇಳುವಂತಿಲ್ಲ. ಇದಕ್ಕೆ ಅಭ್ಯಾಸ ಮಾಡಿಸಿದರು. ಚರ್ಚಿನ ಹಿಂದಿನ ಬಯಲಿನಲ್ಲಿ ವಯಸ್ಸಾದ ಹೆಂಗಸರು ಕಿರಿಯರನ್ನು ಸಾಲಾಗಿ ಕೂರಿಸಿ, ಬೈದು, ಕೆನ್ನೆಗೆ ಹೊಡೆದರು. ಕೈ ಮೇಲೆತ್ತಿದವಳನ್ನು ಮನೆಗೆ ಕಳಿಸಿದರು.

"ನಮ್ಮತ್ತೆ ನನಗೆ ಹೊಡೆದ್ರು," ಎಂದರು ಕಂಫರ್ಟ್. "ಹದಿನೆಂಟು ವರ್ಷದ ಸಿಟ್ಟೆಲ್ಲ ಅವತ್ತು ತೀರಿಸ್ಕೊಂಡ್ರು. ಆದ್ರೂ ಕೊಂಬೆ ಬಿಡ್ಲಿಲ್ಲ ನಾನು."

ನಾನು ನಕ್ಕೆ. ಅವರೂ ನಕ್ಕರು. ಮುಂದಿನ ಪ್ಯಾರಾದಲ್ಲಿ ಆ ಅತ್ತೆ ಸತ್ತರು. ಧರಣಿಯ ದಿನ ಸೈನಿಕರು ಮೊದಲು ಅಶ್ರುವಾಯು ಬಿಟ್ಟು, ಆಮೇಲೆ ಬಂದೂಕಿನ ಹಿಂಬದಿಯಿಂದ ಸಾಲಿನ ಒಂದು ತುದಿಯಿಂದ ಹೊಡೆಯುತ್ತ ಬಂದರು. ಅತ್ತೆ ಎರಡನೆಯವರಾಗಿ ಕೂತಿದ್ದರು. ಹಿಂದಕ್ಕೆ ಬಿದ್ದವರು ಏಳಲಿಲ್ಲ. ಕಂಫರ್ಟ್‌ರ ಕಿವಿ ಹೋದದ್ದು ಅಲ್ಲಿ. ಯಾರೋ ತೆಗೆದ ಒಂದು ಚಿತ್ರ ಮರುದಿನ ಅಲ್ಲಿನ ಪತ್ರಿಕೆಯಲ್ಲಿ ಬಂದಿತ್ತು. ಆದ್ದರಿಂದ ಧರಣಿಯ ತಾರೀಖು ನಮಗೆ ಖಚಿತವಾಗಿ ಗೊತ್ತಿತ್ತು.

"ಅದಾದ ಮೇಲೆ ಊರು ಸುಟ್ಟದ್ದು ಯಾವಾಗ ಆಂಟಿ?"

"ಕೂತದ್ದು ಸಂತೆಯ ದಿನ, ಎಲ್ಲರೂ ನೋಡ್ಲಿ ಅಂತ. ಅವರು ಮತ್ತೆ ಬಂದದ್ದು ಅಲ್ಲಿಂದ ಆರನೇ ಸಂತೆಯ ಬೆಳಿಗ್ಗೆ."

ನಾನು ಹುಟ್ಟಿ ಬೆಳೆದದ್ದು ಗದಗದ ಕಡೆಯ ಒಂದು ಊರಿನಲ್ಲಿ. ಅಲ್ಲಿ ಮಂಗಳವಾರ ಸಂತೆ. ಅಜ್ಜಿ ತಿಂಗಳುಗಳನ್ನು ಸಂತೆಯಿಂದಲೇ ಎಣಿಸುತ್ತಿದ್ದಳು. ಆರು ಸಂತೆ, ನಲವತ್ತೆರಡು ದಿನ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ, ಮೂವತ್ತೊಂದನೆಯ ಪ್ಯಾರಾದ ತಲೆಯಲ್ಲಿ ತಾರೀಖು ಬರೆದೆ. ಅವರು 'ಸಂತೆ' ಎಂದದ್ದನ್ನು ತೆಗೆದುಹಾಕಿದೆ. ಬರಿಯ ತಾರೀಖು ಹೆಚ್ಚು ಸ್ಪಷ್ಟವೆಂದುಕೊಂಡೆ.

ಬರೆದು ಮುಗಿದ ಮೇಲೆ ಪ್ರತಿ ಪ್ಯಾರಾವನ್ನೂ ಗಟ್ಟಿಯಾಗಿ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಮೊದಲ ಮೂವತ್ತನ್ನು ನಿಧಾನವಾಗಿ ಓದಿದೆ. ಮೂವತ್ತೊಂದಕ್ಕೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ನಾನು ತಲೆ ಎತ್ತದೆ, ಒಂದೇ ಉಸಿರಿಗೆ, ಮದ್ದು ನುಂಗುವ ಹಾಗೆ ಓದಿ ಮುಗಿಸಿದೆ. "ಸರಿ ಇದೆಯಾ ಆಂಟಿ?" ತಲೆಯಾಡಿಸಿದರು. ತಾರೀಖು ಅವರ ಕಿವಿಗೆ ಬಿತ್ತೋ ಇಲ್ಲವೋ ಎಂದು ಕೇಳಲಿಲ್ಲ. ಅದನ್ನು ಇನ್ನೊಮ್ಮೆ ಓದುವುದು ನನಗೆ ಬೇಕಿರಲಿಲ್ಲ.

ಈ ಕಾಗದಗಳ ಮೇಲೆ ನಿಂತದ್ದು ಅವರ ಮಗಳ ಬದುಕು. ಜಾಯ್, ಹದಿನಾರು ವರ್ಷ, ಗಡಿಯಾಚೆಯ ಪಟ್ಟಣದಲ್ಲಿ ಸೋದರಮಾವನ ಜೊತೆ ಅಡಗಿದ್ದಳು. ನ್ಯಾಯಾಲಯ ಆಶ್ರಯ ಕೊಟ್ಟರೆ ತಾಯಿ ಅವಳನ್ನು ಕರೆಸಿಕೊಳ್ಳಬಹುದು. ಕೊಡದಿದ್ದರೆ ತಾಯಿಯನ್ನೇ ವಿಮಾನ ಹತ್ತಿಸಿ, ಯಾರಿಂದ ಓಡಿ ಬಂದರೋ ಅವರ ಕೈಗೇ ಕೊಡುತ್ತಾರೆ.

ಫೆಬ್ರವರಿಯಲ್ಲಿ ವಿಚಾರಣೆ. ಡೌನ್‌ಟೌನ್ ಸಿಯಾಟಲ್‌ನ ಎತ್ತರದ ಕಟ್ಟಡವೊಂದರಲ್ಲಿ ಕಿಟಕಿಯಿಲ್ಲದ ಕೋಣೆ. ಕಂಫರ್ಟ್ ಕೇಳಿಕೊಂಡಿದ್ದರಿಂದ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಿದ್ದರು. ಸರ್ಕಾರದ ಪರ ವಕೀಲರು ನನ್ನ ಚಿಕ್ಕಪ್ಪನಷ್ಟು ವಯಸ್ಸಿನ, ಮೆಲುದನಿಯ ಮನುಷ್ಯ. ಒಂದು ಗಂಟೆ ಸಣ್ಣಪುಟ್ಟ ಪ್ರಶ್ನೆ ಕೇಳಿದರು. ಆಮೇಲೆ ಒಂದು ಚೀಟಿ ಎತ್ತಿ ಹಿಡಿದರು. ಅಲ್ಲಿನ ಮಿಷನ್ ಆಸ್ಪತ್ರೆಯ ಚೀಟಿ, ಅಣ್ಣ ಕಳಿಸಿದ್ದು. ಕಾಗದ ಸಲ್ಲಿಸುವ ಕೊನೆಯ ದಿನ ತಲುಪಿದ್ದರಿಂದ ಕ್ಯಾರನ್ ಹಾಗೆಯೇ ಲಗತ್ತಿಸಿದ್ದರು. ನಾನು ಆ ದಿನ ಕಚೇರಿಗೆ ಹೋಗಿರಲಿಲ್ಲ.

"ದಾಳಿಯಲ್ಲಿ ಕೈ ಮುರಿಯಿತು ಅಂತೀರಿ. ದಾಳಿಗೆ ಹನ್ನೊಂದು ದಿನ ಮೊದಲೇ ಈ ಆಸ್ಪತ್ರೆ ನಿಮ್ಮ ಕೈಗೆ ಪಟ್ಟಿ ಹಾಕಿದೆ. ಹೇಗೆ?"

ಕಂಫರ್ಟ್‌ಗೆ ಅರ್ಥವಾಗಲಿಲ್ಲ. ದಾಳಿಯ ಮರುದಿನ ಹೋದದ್ದು ಎಂದರು.

"ಹಾಗಾದರೆ ಚೀಟಿ ಸುಳ್ಳಾ? ಅಥವಾ ದಾಳಿ ಸುಳ್ಳಾ?"

ಕಂಫರ್ಟ್ ತಿರುಗಿ ಕ್ಯಾರನ್ ಕಡೆ ನೋಡಿದರು.

"ನಿಮ್ಮ ಗಂಡ ಸತ್ತದ್ದಾದರೂ ನಿಜವಾ? ಅವರು ಎಲ್ಲಿದ್ದಾರೆ ಈಗ? ಯಾರ ಜೊತೆ ಇದ್ದಾರೆ?"

ದನಿ ಏರಿಸಿರಲಿಲ್ಲ. ಆದರೆ ಒಂದರ ಹಿಂದೊಂದು, ಅದೇ ಜಾಗಕ್ಕೆ. ಕಂಫರ್ಟ್ ಎರಡೂ ಕೈ ಎದೆಯ ಮುಂದೆ ತಂದು, ಕಾಣದ ಏನನ್ನೋ ಹಿಡಿದಂತೆ ಮಡಚುವ ಬೆರಳುಗಳನ್ನು ಮಡಚಿ, ಎದುರಿನ ಗೋಡೆ ನೋಡುತ್ತ ಕೂತುಬಿಟ್ಟರು. ಚರ್ಚಿನ ಹಿಂದಿನ ಬಯಲಿನಲ್ಲಿ ಕಲಿಸಿದ್ದು ಅದನ್ನೇ. ನ್ಯಾಯಾಧೀಶರು ಎರಡು ಸಲ ಹೆಸರು ಹಿಡಿದು ಕರೆದರು. ಆಮೇಲೆ, ಸಾಕ್ಷಿ ಉತ್ತರಿಸಲು ನಿರಾಕರಿಸಿದರೆಂದು ದಾಖಲಿಸುವಂತೆ ಹೇಳಿದರು.

ನಾನು ಬೆಂಚಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಭಯವಾದಾಗ ನಾನು ಮಾಡುವುದು ಅದನ್ನೇ. ಚೀಟಿ ದಾಳಿಯ ಮರುದಿನದ್ದಾದರೆ ದಾಳಿ ನಡೆದದ್ದು ಮೂವತ್ತನೆಯ ದಿನ. ನಾನು ಬರೆದದ್ದು ನಲವತ್ತೆರಡು. ವ್ಯತ್ಯಾಸ ಹನ್ನೆರಡು. ಆರು ಸಂತೆಗೆ ಹನ್ನೆರಡು. ಒಂದೊಂದು ಸಂತೆಗೂ ಎರಡೆರಡು ದಿನ ಯಾರೋ ಸೇರಿಸಿದ್ದಾರೆ.

ವಿರಾಮ ಕೊಟ್ಟಾಗ ಕಾರಿಡಾರಿನಲ್ಲಿ ಅವರ ಬಲಗಿವಿಯ ಕಡೆ ನಿಂತು ಕೇಳಿದೆ. "ಆಂಟಿ, ನಿಮ್ಮಲ್ಲಿ ಒಂದು ಸಂತೆಯಿಂದ ಇನ್ನೊಂದಕ್ಕೆ ಎಷ್ಟು ದಿನ?"

"ಐದು."

"ಐದಾ?"

"ಮತ್ತೆ? ನಿಮ್ಮಲ್ಲಿ ಎಷ್ಟು?"

"ಏಳು."

ಅಂಥ ಹೊತ್ತಿನಲ್ಲೂ ಅವರ ಮುಖದಲ್ಲಿ ವ್ಯಾಪಾರದ ಹೆಂಗಸಿನ ತಾತ್ಸಾರ ಸುಳಿಯಿತು. "ಏಳು ದಿನ! ಅಲ್ಲೀತನಕ ಮೀನು ಏನಾಗ್ಬೇಕು?"

ಕ್ಯಾರನ್ ಕೇಳಿ ಗೋಡೆಗೆ ಒರಗಿದರು. ಬೈಯಲಿಲ್ಲ. "ಇದನ್ನ ನಾನು ಹೇಳಿದರೆ ವಕೀಲೆಯ ಜಾಣತನ ಅಂತಾರೆ. ಬರೆದವಳು ಪ್ರಮಾಣ ಮಾಡಿ ಹೇಳಬೇಕು. ಹೇಳ್ತೀಯಾ?"

ನನ್ನ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಇರಲಿಲ್ಲ. ಸರ್ಕಾರದ ವಕೀಲರು ಆಕ್ಷೇಪಿಸಿದರು. ನ್ಯಾಯಾಧೀಶರು ವಿಚಾರಣೆಯನ್ನು ಮುಂದೂಡಿದರು. ಸಿಕ್ಕ ದಿನ ಸೆಪ್ಟೆಂಬರಿನಲ್ಲಿ, ಏಳು ತಿಂಗಳ ಆಚೆ.

ಸಂಜೆ ಶ್ರೀಧರನಿಗೆ ಹೇಳಿದೆ. ಅವನು ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. "ಸರ್ಕಾರದ ಕಡತದಾಗ ನಿನ್ನ ಹೆಸರಾ? ನಮ್ಮ ಗ್ರೀನ್ ಕಾರ್ಡ್ ಅರ್ಜಿ ಹಾಕೋ ಹೊತ್ತಿನ್ಯಾಗ? ಸುಳ್ಳ ದಾಖಲೆ ಮಾಡ್ಯಾಳ ಅಂತ ನಿನ್ನ ಮ್ಯಾಲೆ ತಿರುಗಿದ್ರ?"

"ತಿರಗಬಹುದು."

"ಖರೇನ ನಿಂದ ತಪ್ಪೇನು?"

"ಹೌದು. ನಂದ."

ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. "ಹಂಗಿದ್ರ ಮತ್ತೇನ ಮಾಡಾಕ ಬರ್ತೈತಿ," ಎಂದ. "ಹೋಗಿ ಹೇಳು."

ಜೂನ್ ತಿಂಗಳಲ್ಲಿ ಇಲ್ಲಿ ಒಂಬತ್ತೂವರೆಗೂ ಬೆಳಕಿರುತ್ತದೆ. ಅಂಥ ಒಂದು ಸಂಜೆ ಕಂಫರ್ಟ್ ನನಗೆ ಫೋನ್ ಮಾಡಿದರು. ಎಂದೂ ಮಾಡಿದವರಲ್ಲ. ತಾಯಿಯ ಮಾತನ್ನು ಅಮೆರಿಕದ ಕೋರ್ಟು ನಂಬಲಿಲ್ಲ ಎಂಬ ಸುದ್ದಿ ಮಾವನ ಬಾಯಿಂದ ಜಾಯ್‌ಗೆ ತಲುಪಿತ್ತು. ಏಕೆ ನಂಬಲಿಲ್ಲ, ಸೆಪ್ಟೆಂಬರಿನಲ್ಲಿ ಏನಿದೆ ಎಂಬುದು ತಲುಪಿರಲಿಲ್ಲ. ಅವಳು ಯಾರಿಗೂ ಹೇಳದೆ ಗಡಿ ದಾಟಿ, ಸುಟ್ಟ ಊರಿಗೆ ಹೋಗಿ, ಅದೇ ರಸ್ತೆಯಲ್ಲಿ ಬೇರೆ ಹುಡುಗಿಯರ ಜೊತೆ ಕೊಂಬೆ ಹಿಡಿದು ಕೂತಿದ್ದಳು. ಸೈನಿಕರು ಈ ಸಲ ತಲೆಗೆ ಹೊಡೆಯಲಿಲ್ಲ. ಒಬ್ಬೊಬ್ಬಳನ್ನೇ ಎಳೆದು, ಕೊಂಬೆ ಹಿಡಿದ ಕೈಯನ್ನು ಲಾರಿಯ ಹಿಂಬಾಗಿಲಿನ ಅಂಚಿಗಿಟ್ಟು ಬಾಗಿಲು ಬಡಿದರು. ಕೆಲವರನ್ನು ಅದೇ ಲಾರಿಯಲ್ಲಿ ತುಂಬಿಕೊಂಡು ಹೋದರು. ಜಾಯ್‌ಳನ್ನು ಸತ್ತಳೆಂದು ಬಿಟ್ಟು ಹೋಗಿದ್ದರು. ಮಾವ ಅವಳನ್ನು ದೋಣಿಯಲ್ಲಿ ಮಲಗಿಸಿ ಮತ್ತೆ ಗಡಿ ದಾಟಿಸಿದ್ದರು.

"ಎರಡೂ ಕೈ," ಎಂದರು ಕಂಫರ್ಟ್. ನನ್ನನ್ನು ದೂರಲಿಲ್ಲ. ಫೋನ್ ಇಡಲೂ ಇಲ್ಲ. ಒಂದು ವಿಮಾನ ಇಳಿಯುವ ಸದ್ದು ಅವರ ಕಡೆಯಿಂದ ಕೇಳಿತು, ಆಮೇಲೆ ಇನ್ನೊಂದು.

ಸೆಪ್ಟೆಂಬರಿನಲ್ಲಿ ನಾನು ಕೈ ಎತ್ತಿ ಪ್ರಮಾಣ ಮಾಡಿದೆ. ಸಂತೆಯ ಲೆಕ್ಕ ಹೇಳಿದೆ. ಸರ್ಕಾರದ ವಕೀಲರು ಅದೇ ಮೆಲುದನಿಯಲ್ಲಿ ಎದ್ದರು.

"ನೀವು ವಿಜ್ಞಾನ ಓದಿದವರು. ಕೇಳದೆಯೇ ಅಂಕಿ ಬರೆದಿರಿ."

"ಹೌದು."

"ಇನ್ನೇನೇನು ಕೇಳದೆ ಬರೆದಿರಿ? ಕಾಲುವೆಗೆ ಬೆಂಕಿ? ಕೊಂಬೆಗಳು? ಅದೆಲ್ಲ ನಿಮ್ಮ ಕಲ್ಪನೆಯಾ ಅವರದಾ?"

"ತಾರೀಖೊಂದು ನನ್ನದು. ಉಳಿದದ್ದು ಅವರದು."

"ನಿಮ್ಮ ವೀಸಾ ಯಾವುದು?"

ಕ್ಯಾರನ್ ಆಕ್ಷೇಪಿಸುವ ಮೊದಲೇ ಹೇಳಿದೆ. ಅವರು ಅದನ್ನು ಬರೆದುಕೊಂಡರು. ನಲವತ್ತು ನಿಮಿಷ ನಡೆಯಿತು. ನೀರು ಕೇಳಲು ಸಂಕೋಚವಾಯಿತು. ಕೊನೆಗೆ ನ್ಯಾಯಾಧೀಶರು ತಾವೇ, ಆ ಪ್ಯಾರಾವನ್ನು ಸರಿಯಾದ ತಾರೀಖಿನೊಂದಿಗೆ ಓದಿ ದಾಖಲಿಸಿ ಎಂದರು.

ಒಂದೊಂದೇ ವಾಕ್ಯ ಓದಿದೆ. ಬೆಳಿಗ್ಗೆ ಸೈನಿಕರು ಬಂದರು. ನಾನು ಮನೆಯ ಮುಂದೆ ಕೊಂಬೆ ಹಿಡಿದು ನಿಂತೆ. ಅವರು ನನ್ನ ಬಲಗೈಯನ್ನು ಹೊಸ್ತಿಲ ಮೇಲಿಟ್ಟು ಬಂದೂಕಿನ ಹಿಂಬದಿಯಿಂದ ಮೂರು ಸಲ ಹೊಡೆದರು. ನನ್ನ ಗಂಡ ಎರಡೂ ಕೈ ಮೇಲೆತ್ತಿ ಹೊರಗೆ ಬಂದ. ಅವನು, ಇವಳು ನನ್ನ ಹೆಂಡತಿ, ಎಂದ. ಅವರು ಅವನ ಬಾಯಿಗೆ ಗುಂಡು ಹೊಡೆದರು. ಮನೆಗೆ ಬೆಂಕಿ ಇಟ್ಟರು. ನನ್ನ ಮಗಳು ಮಗುಚಿದ ದೋಣಿಯ ಕೆಳಗಿನಿಂದ ನೋಡುತ್ತಿದ್ದಳು.

ಈ ಸಲ ಕಾಗದದಿಂದ ತಲೆ ಎತ್ತಿದೆ. ಕಂಫರ್ಟ್ ಕಣ್ಣು ತೆರೆದೇ ಕೇಳುತ್ತಿದ್ದರು. ಮುಗಿದ ಮೇಲೆ ನ್ಯಾಯಾಧೀಶರು ಸರಿಯಿದೆಯೇ ಎಂದು ಕೇಳಿದಾಗ, "ದಿನ ಸರಿಯಾಗಿದೆ," ಎಂದರು.

ಅದೇ ಮಧ್ಯಾಹ್ನ ಆಶ್ರಯ ಸಿಕ್ಕಿತು. ಜಾಯ್‌ಳ ಕಾಗದಗಳಿಗೆ ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು.

ವಿಮಾನ ನಿಲ್ದಾಣಕ್ಕೆ ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಒಂದು ಪೆಟ್ಟಿಗೆ ಬಂದಿರಲಿಲ್ಲ. ಕಂಫರ್ಟ್ ಅದನ್ನು ವಿಚಾರಿಸಲು ವಾಪಸು ಒಳಗೆ ಹೋದರು. ಕಾರಿನಲ್ಲಿ ನಾವಿಬ್ಬರೇ ಉಳಿದೆವು. ಜಾಯ್ ತಾಯಿಗಿಂತ ಎತ್ತರ. ಎರಡೂ ಕೈಯನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ಸೀಟ್‌ಬೆಲ್ಟ್ ನಾನು ಹಾಕಿದ್ದೆ.

ಅವಳಿಗೆ ಎಲ್ಲವನ್ನೂ ಹೇಳಿದೆ. ಐದು ದಿನದ ಸಂತೆ, ಏಳು ದಿನದ ಸಂತೆ, ನಾನು ಅವಸರದಲ್ಲಿ ಓದಿದ ಪ್ಯಾರಾ, ಕೋರ್ಟಿನಲ್ಲಿ ನಡೆದದ್ದು. "ನಿನ್ನಮ್ಮನನ್ನು ಅವರು ನಂಬದೆ ಹೋದದ್ದು ನನ್ನ ತಪ್ಪಿನಿಂದ. ನೀನು ವಾಪಸು ಹೋದದ್ದು ಅದರಿಂದ," ಎಂದೆ. ಯಾರಿಗೂ ಹೀಗೆ ಬಿಚ್ಚಿ ಹೇಳಿದವಳಲ್ಲ ನಾನು.

ಅವಳು ನನ್ನ ಕೈಚೀಲದ ಕಡೆ ನೋಡಿದಳು.

"ಸಿಸ್ಟರ್, ಅದು ಆಮೇಲೆ," ಎಂದಳು. "ನಿಮ್ಮ ಹತ್ತಿರ ಪೆನ್ ಇದೆಯಾ?"

"ನಿನ್ನ ಕಾಗದ ಎಲ್ಲಾ ಆಗಿದೆ. ಇನ್ನೇನೂ ಬರೆಯೋ ಅಗತ್ಯ ಇಲ್ಲ."

"ನನಗಲ್ಲ. ನನ್ನ ಜೊತೆ ಕೂತಿದ್ದರಲ್ಲ, ಅವರಲ್ಲಿ ಒಂಬತ್ತು ಜನರನ್ನ ಲಾರಿಯಲ್ಲಿ ತಗೊಂಡು ಹೋದ್ರು. ಎಲ್ಲಿದ್ದಾರೆ ಗೊತ್ತಿಲ್ಲ. ನನಗೆ ಬರೆಯೋಕಾಗಲ್ಲ. ಒಂದೂವರೆ ವರ್ಷದಿಂದ ಬಾಯಲ್ಲೇ ಹೇಳ್ಕೋತಾ ಇದೀನಿ, ಮರೀಬಾರ್ದು ಅಂತ."

ಕೈಚೀಲದಲ್ಲಿ ಪೆನ್ನು ಸಿಕ್ಕಿತು. ಕಾಗದ ಇರಲಿಲ್ಲ; ಪಾರ್ಕಿಂಗ್ ರಸೀದಿಯ ಹಿಂಬದಿಯನ್ನು ಸ್ಟಿಯರಿಂಗ್ ಮೇಲೆ ಒತ್ತಿ ಹಿಡಿದೆ. ಅವಳು ಮೊದಲ ಹೆಸರು ಹೇಳಿದಳು. ಅಕ್ಷರ ಬಿಡಿಸಿ ಹೇಳು ಎಂದೆ. ಹೇಳಿದಳು. ಬರೆದದ್ದನ್ನು ಅವಳ ಕಣ್ಣಿನ ಮುಂದೆ ಹಿಡಿದೆ.

"ಇಲ್ಲ, ಇಲ್ಲಿ ತಪ್ಪಾಗಿದೆ," ಎಂದು ಮುಂದಕ್ಕೆ ಬಾಗಿದಳು. "ಇನ್ನೊಂದು ಸಲ ಬರೀರಿ."